ಬೋರ್‌ವೆಲ್ ನೀರು ಕುದಿಸಿದರೆ ಕಾರ್ಖಾನೆಯ ಕೆಮಿಕಲ್ಲೂ ಹೋಗುತ್ತದೆಯೇ?

ಬೋರ್‌ವೆಲ್ ನೀರಿಗೆ ಯಾವ ಕೆಮಿಕಲ್ ಸೇರಿದ್ದರೂ ಚಿಂತೆಯಿಲ್ಲ, ಹತ್ತು ನಿಮಿಷ ಕುದಿಸಿ ಸೋಸಿ ಕುಡಿದರೆ ಸಾಕು, ಉಳಿದದ್ದನ್ನು ಭೂಮಿಯೇ ಶುದ್ಧ ಮಾಡಿಕೊಳ್ಳುತ್ತದೆ. ಈ ಅರ್ಥದ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಓದಲು ಸಮಾಧಾನ ಕೊಡುವ ಮಾತು. ಆದ್ದರಿಂದಲೇ ಬೇಗ ಫಾರ್ವರ್ಡ್ ಆಗುತ್ತದೆ.

ಚಿಕ್ಕ ಉತ್ತರ ಹೀಗಿದೆ. ಕುದಿಸುವುದು ರೋಗಾಣುಗಳಿಗೆ ಒಳ್ಳೆಯ ಮದ್ದು. ಕಾರ್ಖಾನೆ, ಗ್ಯಾರೇಜು, ಪೆಟ್ರೋಲ್ ಬಂಕುಗಳಿಂದ ನೆಲಕ್ಕೆ ಇಳಿಯುವ ದ್ರಾವಕಗಳಿಗೆ ಅದು ಮದ್ದಲ್ಲ. ಒಮ್ಮೆ ಅಂತರ್ಜಲಕ್ಕೆ ಸೇರಿದ ದ್ರಾವಕವನ್ನು ತೆಗೆಯಲು ದಾರಿಗಳಿವೆ, ಆದರೆ ಆ ಕೆಲಸಕ್ಕೆ ಹಿಡಿಯುವುದು ದಿನ, ತಿಂಗಳುಗಳಲ್ಲ, ಹತ್ತಾರು ವರ್ಷ. ಹಾಗಾಗಿ ನೀರು ಕೆಟ್ಟ ಊರಿನಲ್ಲಿ ಮೊದಲು ಆಗಬೇಕಾದ ಕೆಲಸ ಜನರಿಗೆ ಬೇರೆ ನೀರು ಕೊಡುವುದು. ಅಂತರ್ಜಲ ತೊಳೆಯುವುದು ಅದರ ನಂತರದ್ದು. ಯಾಕೆ ಎಂದು ಒಂದೊಂದಾಗಿ ನೋಡೋಣ.

ದ್ರಾವಕ ಎಂದರೇನು?

ಒಂದು ವಸ್ತುವನ್ನು ತನ್ನೊಳಗೆ ಕರಗಿಸಿಕೊಳ್ಳುವ ದ್ರವವೇ ದ್ರಾವಕ. ನೀರು ಉಪ್ಪನ್ನು ಕರಗಿಸುತ್ತದೆ, ಆದರೆ ಗ್ರೀಸ್, ಎಣ್ಣೆ, ಬಣ್ಣ, ಅಂಟು ಇವುಗಳನ್ನು ಕರಗಿಸುವುದಿಲ್ಲ. ಅದಕ್ಕೆ ಕೈಗಾರಿಕೆಗಳು ಬೇರೆ ದ್ರವಗಳನ್ನು ಬಳಸುತ್ತವೆ. ಪೇಂಟಿಗೆ ಬೆರೆಸುವ ಥಿನ್ನರ್ ನಮಗೆಲ್ಲ ಗೊತ್ತಿರುವ ದ್ರಾವಕ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಎಂಬ ದ್ರವವನ್ನು ಜಗತ್ತಿನಾದ್ಯಂತ ಬಳಸಿದ್ದಾರೆ. ಇದನ್ನು ಚಿಕ್ಕದಾಗಿ ಟಿಸಿಇ ಎನ್ನೋಣ. ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಅದರ ಹತ್ತಿರದ ಸಂಬಂಧಿ ಪರ್ಕ್ಲೋರೋಎಥಿಲೀನ್, ಅಂದರೆ ಪಿಸಿಇ ಬಳಕೆಯಾಗುತ್ತದೆ. ಪೆಟ್ರೋಲಿನಲ್ಲಿ ಬೆಂಜಿನ್, ಟೊಲ್ಯೂಯಿನ್ ಇರುತ್ತವೆ. ಔಷಧಿಯ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಗಳಿಗೆ ಹಲವು ಬಗೆಯ ದ್ರಾವಕಗಳು ಪೀಪಾಯಿಗಟ್ಟಲೆ ಬೇಕು.

ಇವುಗಳಲ್ಲಿ ಎಲ್ಲವೂ ಒಂದೇ ಸಮನೆ ಅಪಾಯಕಾರಿಯಲ್ಲ. ಆದರೆ ಟಿಸಿಇ ಮತ್ತು ಬೆಂಜಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಟಿಸಿಇಗೆ ಮೂತ್ರಪಿಂಡದ ಕ್ಯಾನ್ಸರ್‌ನೊಂದಿಗೆ, ಬೆಂಜಿನ್‌ಗೆ ರಕ್ತದ ಕ್ಯಾನ್ಸರ್‌ನೊಂದಿಗೆ ನಂಟಿದೆ. ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಟಿಸಿಇ ಬಳಕೆಯನ್ನೇ ನಿಷೇಧಿಸುವ ನಿಯಮ ಹೊರಡಿಸಿತು.

ಕಟಕೋಳದವರಿಗೆ ಇದು ಯಾಕೆ ಬೇಕು?

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಕಟಕೋಳದ ನೀರಿನಲ್ಲಿ ದ್ರಾವಕ ಸಿಕ್ಕಿದೆ ಎಂದು ಈ ಲೇಖನ ಹೇಳುತ್ತಿಲ್ಲ. ಹಾಗೆಂದು ಯಾರೂ ಫಾರ್ವರ್ಡ್ ಮಾಡಬೇಡಿ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಕಾಡುವುದು ಗಡಸುತನ, ಫ್ಲೋರೈಡ್ ಮತ್ತು ನೈಟ್ರೇಟ್.

ಆದರೂ ವಿಷಯ ತಿಳಿದಿರಬೇಕು, ಎರಡು ಕಾರಣಕ್ಕೆ. ಒಂದು, ದ್ರಾವಕ ಸೇರಲು ದೊಡ್ಡ ಕಾರ್ಖಾನೆಯೇ ಬೇಕಿಲ್ಲ. ಗ್ಯಾರೇಜು, ಸ್ಪ್ರೇ ಪೇಂಟಿಂಗ್ ಶೆಡ್ಡು, ನೆಲದಡಿಯ ಟ್ಯಾಂಕು ಸೋರುವ ಪೆಟ್ರೋಲ್ ಬಂಕು ಸಾಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಊರಿನ ಬಸ್‌ಸ್ಟ್ಯಾಂಡಿನ ಸುತ್ತ ನೋಡಿದರೂ ಇವು ಕಾಣುತ್ತವೆ. ಎರಡು, ನಮ್ಮ ನೆಲದ ಗುಣ. ರಾಮದುರ್ಗ, ಸವದತ್ತಿ ಕಡೆ ಕಲಾದಗಿ ಶ್ರೇಣಿಯ ಮರಳುಗಲ್ಲು, ಸುಣ್ಣಕಲ್ಲಿನ ಪದರಗಳಿವೆ. ಇಂಥ ಗಟ್ಟಿ ಕಲ್ಲಿನಲ್ಲಿ ನೀರು ಹರಿಯುವುದು ಹೆಚ್ಚಾಗಿ ಬಿರುಕುಗಳ ಮೂಲಕ. ಅಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದು ಬೋರ್‌ಗೆ ನೀರು ಬಿದ್ದು ಇನ್ನೊಂದು ಒಣಗಿರುವುದು ನಮಗೆ ಹೊಸದಲ್ಲ. ಹೊಲಸು ಹರಿಯುವುದೂ ಅದೇ ಬಿರುಕುಗಳಲ್ಲಿ. ಯಾವ ಕಡೆ ಹೋಗುತ್ತದೆ ಎಂದು ಮೇಲಿನಿಂದ ಹೇಳಲಾಗದು.

ಒಂದು ಲೀಟರ್ ಎಷ್ಟು ನೀರು ಕೆಡಿಸುತ್ತದೆ?

ಕುಡಿಯುವ ನೀರಿನಲ್ಲಿ ಟಿಸಿಇ ಲೀಟರಿಗೆ 8 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ.

ಈಗ ಲೆಕ್ಕ ಹಾಕೋಣ. ಒಂದು ಲೀಟರ್ ಟಿಸಿಇ ಸುಮಾರು 1.46 ಕಿಲೋ ತೂಗುತ್ತದೆ. ಅದು ನೀರಿನಲ್ಲಿ ಸಮವಾಗಿ ಬೆರೆತರೆ ಸುಮಾರು 18 ಕೋಟಿ ಲೀಟರ್ ನೀರನ್ನು ಈ ಮಿತಿಗೆ ತಂದು ನಿಲ್ಲಿಸುತ್ತದೆ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಹತ್ತು ಸಾವಿರ ಜನರ ಊರಿಗೆ ದಿನಕ್ಕೆ ಐದೂವರೆ ಲಕ್ಷ ಲೀಟರ್. ಅಂದರೆ ಒಂದೇ ಒಂದು ಲೀಟರ್ ದ್ರಾವಕ ಅಂಥ ಊರಿನ ಸುಮಾರು ಹನ್ನೊಂದು ತಿಂಗಳ ನೀರಿಗೆ ಸಾಟಿ. ಒಂದು ಡ್ರಮ್‌ನಲ್ಲಿ ಇರುವುದು 200 ಲೀಟರ್.

ನೆಲವೇ ಸೋಸಿಕೊಳ್ಳುತ್ತದೆ ಎಂಬುದು ನಿಜವೇ?

ಅರ್ಧ ನಿಜ. ಮಣ್ಣು ಕೆಸರನ್ನು ತಡೆಯುತ್ತದೆ, ಬಹಳಷ್ಟು ರೋಗಾಣುಗಳನ್ನೂ ಹಿಡಿಯುತ್ತದೆ. ಪೆಟ್ರೋಲಿನಂಥ ಹಗುರ ದ್ರವಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು ಮುಗಿಸಬಲ್ಲವು. ಆದರೆ ಟಿಸಿಇ, ಪಿಸಿಇಯಂಥ ಕ್ಲೋರಿನ್ ಇರುವ ದ್ರಾವಕಗಳ ದಾರಿಯೇ ಬೇರೆ.

ಎಣ್ಣೆಯನ್ನು ನೀರಿಗೆ ಹಾಕಿದರೆ ತೇಲುತ್ತದೆ. ಟಿಸಿಇ ಹಾಕಿದರೆ ಮುಳುಗುತ್ತದೆ, ಏಕೆಂದರೆ ಅದು ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದ ಟಿಸಿಇ ಮಣ್ಣು ದಾಟಿ, ಅಂತರ್ಜಲದ ಮೇಲೆ ನಿಲ್ಲದೆ, ಅದರೊಳಗೂ ಇಳಿದು ಬಿರುಕುಗಳ ತಳ ಸೇರುತ್ತದೆ. ಅಲ್ಲಿ ಕೂತು ವರ್ಷಗಟ್ಟಲೆ ಚೂರು ಚೂರಾಗಿ ನೀರಿಗೆ ಬಿಡುತ್ತಾ ಹೋಗುತ್ತದೆ. ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಲ್ಲ ಎಂದು ಸಮಾಧಾನ ಪಡುವಂತಿಲ್ಲ. ಲೀಟರಿಗೆ ಸುಮಾರು ಒಂದು ಗ್ರಾಂ ಕರಗುತ್ತದೆ. ಕೇಳಲು ಕಡಿಮೆ, ಆದರೆ ಅದು ಸುರಕ್ಷಿತ ಮಿತಿಯ ಒಂದು ಲಕ್ಷ ಪಟ್ಟಿಗೂ ಹೆಚ್ಚು.

ಎಣ್ಣೆ ಇಟ್ಟ ಮಣ್ಣಿನ ಗಡಿಗೆಯನ್ನು ನೆನಪಿಸಿಕೊಳ್ಳಿ. ಎಷ್ಟು ತೊಳೆದರೂ ಎರಡು ದಿನ ಬಿಟ್ಟರೆ ಮತ್ತೆ ಜಿಡ್ಡು ಬೆವರುತ್ತದೆ. ಕಲ್ಲು ಮತ್ತು ಜೇಡಿಮಣ್ಣು ದ್ರಾವಕವನ್ನು ಹಾಗೆಯೇ ಹೀರಿಕೊಂಡು ಹಾಗೆಯೇ ಬಿಡುತ್ತವೆ.

ನಾಲ್ಕು ಮಾತುಗಳು, ನಾಲ್ಕು ಉತ್ತರಗಳು

ಮಾತು 1: ನೀರು ತಿಳಿಯಾಗಿದೆ, ವಾಸನೆ ಇಲ್ಲ, ಅಂದಮೇಲೆ ಒಳ್ಳೆಯದು.
ಉತ್ತರ: ತಪ್ಪು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ಕ್ರೋಮಿಯಂ ಬಹಳ ಹೆಚ್ಚಾದರೆ ನೀರು ಹಳದಿಯಾಗಿ ತಾನೇ ಹೇಳಿಬಿಡುತ್ತದೆ. ದ್ರಾವಕಕ್ಕೆ ಬಣ್ಣವಿಲ್ಲ. ಅದರ ವಾಸನೆ ನಮ್ಮ ಮೂಗಿಗೆ ಹತ್ತುವಷ್ಟು ಇದ್ದರೆ ಅದು ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ.

ಮಾತು 2: ಕುದಿಸಿದರೆ ಹೋಗುತ್ತದೆ.
ಉತ್ತರ: ದಾರಿ ತಪ್ಪಿಸುವ ಅರ್ಧಸತ್ಯ. ಟಿಸಿಇ 87 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕುದಿಸಿದಾಗ ಬಹುಪಾಲು ಆವಿಯಾಗುವುದು ನಿಜ. ಆದರೆ ಆ ಆವಿ ಹೋಗುವುದು ಎಲ್ಲಿಗೆ? ಅಡುಗೆಮನೆಯ ಗಾಳಿಗೆ. ಒಲೆಯ ಮುಂದೆ ನಿಂತವರು ಅದನ್ನು ಉಸಿರಾಡುತ್ತಾರೆ. ಬಿಸಿನೀರಿನ ಸ್ನಾನದಲ್ಲೂ ಇದೇ ಕತೆ, ಬಚ್ಚಲುಮನೆ ಚಿಕ್ಕದಿದ್ದಷ್ಟೂ ಹೆಚ್ಚು. ಜೊತೆಗೆ ಫ್ಲೋರೈಡ್, ನೈಟ್ರೇಟ್ ಇದ್ದ ನೀರನ್ನು ಕುದಿಸಿ ಬತ್ತಿಸಿದರೆ ಅವು ಇನ್ನಷ್ಟು ಗಾಢವಾಗುತ್ತವೆ.

ಮಾತು 3: ಊರಲ್ಲಿ ಆರ್‌ಒ ಘಟಕ ಇದೆ, ಭಯವಿಲ್ಲ.
ಉತ್ತರ: ಅದನ್ನೇ ನಂಬಿ ಕೂರುವಂತಿಲ್ಲ. ಆರ್‌ಒ ಪೊರೆ ಉಪ್ಪು, ಫ್ಲೋರೈಡ್ ತಡೆಯುವುದರಲ್ಲಿ ಗಟ್ಟಿಗ. ಸಣ್ಣ ಗಾತ್ರದ ದ್ರಾವಕದ ಅಣುಗಳು ಅದರಿಂದ ಸ್ವಲ್ಪ ಮಟ್ಟಿಗೆ ನುಸುಳುತ್ತವೆ. ಆರ್‌ಒ ಯಂತ್ರದೊಳಗಿನ ಕಾರ್ಬನ್ ಫಿಲ್ಟರ್ ದ್ರಾವಕವನ್ನು ಹಿಡಿಯುತ್ತದೆ, ಆದರೆ ತುಂಬುವವರೆಗೆ ಮಾತ್ರ. ಅದು ತುಂಬಿದ್ದನ್ನು ರುಚಿಯೂ ಹೇಳುವುದಿಲ್ಲ, ಯಂತ್ರದ ದೀಪವೂ ಹೇಳುವುದಿಲ್ಲ. ಟಿಡಿಎಸ್ ಮೀಟರ್ ಕೂಡ ಹೇಳುವುದಿಲ್ಲ. ಅದು ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳನ್ನು.

ಮಾತು 4: ಬ್ಲೀಚಿಂಗ್ ಪೌಡರ್, ಸ್ಫಟಿಕ ಹಾಕಿದರೆ ಸಾಕು.
ಉತ್ತರ: ತಪ್ಪು. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆ, ಸ್ಫಟಿಕ ಕೆಸರು ಇಳಿಸುತ್ತದೆ. ಟಿಸಿಇ ಎರಡಕ್ಕೂ ಜಗ್ಗುವುದಿಲ್ಲ.

ತಡ ಮಾಡಿದರೆ ಏನಾಗುತ್ತದೆ? ಭೋಪಾಲ್ ನೋಡಿ

ಭೋಪಾಲ್ ಎಂದರೆ 1984ರ ಡಿಸೆಂಬರ್ 2-3ರ ರಾತ್ರಿಯ ವಿಷಾನಿಲ ನೆನಪಾಗುತ್ತದೆ. ಅದೇ ಕಾರ್ಖಾನೆ ನೀರನ್ನೂ ಕೆಡಿಸಿತು ಎಂಬುದು ಕಡಿಮೆ ಜನರಿಗೆ ಗೊತ್ತು. 1969ರಿಂದ ಕೆಲಸ ಮಾಡುತ್ತಿದ್ದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ತ್ಯಾಜ್ಯ ಆವರಣದ ಗುಂಡಿಗಳಿಗೆ ಬಿತ್ತು. 1977ರಲ್ಲಿ ತ್ಯಾಜ್ಯದ ನೀರನ್ನು ಬಿಸಿಲಿಗೆ ಆರಿಸಲು ಹೊರಗೆ ಕೊಳಗಳನ್ನು ಕಟ್ಟಿದರು. ಆ ಕೊಳಗಳು ಸೋರುತ್ತಿವೆ ಎಂಬ ಆತಂಕ 1982ರಲ್ಲೇ ಕಂಪನಿಯ ಒಳಗಿನ ಸಂದೇಶಗಳಲ್ಲಿ ದಾಖಲಾಗಿತ್ತು.

ಕಾರ್ಖಾನೆ ಮುಚ್ಚಿತು. ನೆಲದೊಳಗಿನ ಕೆಮಿಕಲ್ ಮುಚ್ಚಲಿಲ್ಲ. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಸುತ್ತಲಿನ ಬಸ್ತಿಗಳ ನೀರು ಪರೀಕ್ಷಿಸಿದಾಗ ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರೋಫಾರಂ, ಟಿಸಿಇ, ಡೈಕ್ಲೋರೋಬೆಂಜಿನ್ ಸಿಕ್ಕವು. ಕೆಲವು ಕೈಪಂಪುಗಳಿಗೆ ಕೆಂಪು ಬಣ್ಣ ಬಳಿದರು. ಬೇರೆ ನೀರಿಲ್ಲದವರು ಅದೇ ಪಂಪು ಒತ್ತಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಈ ಬಸ್ತಿಗಳಿಗೆ ಶುದ್ಧ ನೀರು ಕೊಡುವಂತೆ ಆದೇಶಿಸಿತು. ನಳಗಳು ಬರಲು ಮತ್ತೆ ವರ್ಷಗಳೇ ಹಿಡಿದವು.

2025ರ ಜನವರಿಯಲ್ಲಿ ಕಾರ್ಖಾನೆಯೊಳಗೆ ಕೂಡಿಟ್ಟಿದ್ದ 337 ಟನ್ ತ್ಯಾಜ್ಯವನ್ನು ಲಾರಿಗಳಲ್ಲಿ ಪೀತಂಪುರಕ್ಕೆ ಸಾಗಿಸಿ, ಮುಂದಿನ ತಿಂಗಳುಗಳಲ್ಲಿ ಸುಟ್ಟರು. ಭೋಪಾಲ್ ಸ್ವಚ್ಛವಾಯಿತು ಎಂಬ ಸುದ್ದಿ ಆಗ ಓಡಾಡಿತು. ಆದರೆ ಅದು ಚೀಲಗಳಲ್ಲಿ ಕಟ್ಟಿಟ್ಟ ಭಾಗ ಮಾತ್ರ. ಅಲ್ಲಿನ ಕೆಟ್ಟ ಮಣ್ಣು ಸುಮಾರು 11 ಲಕ್ಷ ಟನ್ ಎಂದು ನಾಗಪುರದ ನೀರಿ ಸಂಸ್ಥೆ 2010ರಲ್ಲಿ ಅಂದಾಜು ಮಾಡಿತ್ತು. ಅಂತರ್ಜಲದ ಕೆಲಸ ಇದರ ಮೇಲೆ.

ದೊಡ್ಡ ಕಾರ್ಖಾನೆ ಇದ್ದರೆ ಮಾತ್ರ ಹೀಗಾಗುತ್ತದೆ ಎನ್ನಬೇಡಿ. ಅಮೆರಿಕದ ಕ್ಯಾಂಪ್ ಲೆಜೂನ್ ಎಂಬ ಸೈನಿಕ ನೆಲೆಯ ಒಂದು ವಸತಿ ಪ್ರದೇಶದ ಬಾವಿಗಳನ್ನು ಕೆಡಿಸಿದ್ದು ಹೊರಗಿನ ಒಂದು ಡ್ರೈಕ್ಲೀನಿಂಗ್ ಅಂಗಡಿ. ನೆಲೆಯ ಇನ್ನೊಂದು ಭಾಗದಲ್ಲಿ ಯಂತ್ರ ತೊಳೆದ ಟಿಸಿಇ ಮತ್ತು ಸೋರಿದ ಇಂಧನ ಸೇರಿತ್ತು. 1950ರ ದಶಕದಿಂದ 1980ರ ದಶಕದವರೆಗೆ ಲಕ್ಷಾಂತರ ಸೈನಿಕರು, ಅವರ ಹೆಂಡತಿ ಮಕ್ಕಳು ಆ ನೀರು ಕುಡಿದರು. 1982ರಲ್ಲಿ ಪರೀಕ್ಷೆಗಳಲ್ಲಿ ಗೊತ್ತಾಯಿತು, ಹೆಚ್ಚು ಕೆಟ್ಟ ಬಾವಿಗಳು ಮುಚ್ಚಿದ್ದು 1985ರ ಹೊತ್ತಿಗೆ. ಅಲ್ಲಿದ್ದ ಸೈನಿಕರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಅಪಾಯ ಇನ್ನೊಂದು ನೆಲೆಯವರಿಗಿಂತ ಶೇಕಡಾ 70ರಷ್ಟು ಹೆಚ್ಚಿತ್ತು ಎಂದು 2023ರ ಅಧ್ಯಯನ ಹೇಳಿತು. ನೀರು ಕುಡಿದು ನಲವತ್ತು ವರ್ಷವಾದ ಮೇಲೆ ಬಂದ ಲೆಕ್ಕ ಇದು.

ಹಾಗಾದರೆ ಶುದ್ಧ ಮಾಡುವುದು ಹೇಗೆ?

ಮೊದಲ ಹೆಜ್ಜೆ: ಕೆಟ್ಟ ಬಾವಿ ಬಳಕೆ ನಿಲ್ಲಿಸಿ ಬೇರೆ ಮೂಲದಿಂದ ನೀರು ಕೊಡುವುದು. ನಮ್ಮ ಕಡೆ ಅದು ಮಲಪ್ರಭೆಯಂಥ ನದಿಯ ನೀರು ಇರಬಹುದು, ದೂರದ ಒಳ್ಳೆಯ ಬೋರ್‌ವೆಲ್ ಇರಬಹುದು, ಆವರೆಗೆ ಟ್ಯಾಂಕರ್ ಇರಬಹುದು.

ಎರಡನೇ ಹೆಜ್ಜೆ: ಸೋರುವುದನ್ನು ನಿಲ್ಲಿಸುವುದು. ಟ್ಯಾಂಕು ಸೋರುತ್ತಿರುವಾಗ ನೀರು ತೊಳೆದರೆ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಹೆಚ್ಚು ಕೆಟ್ಟ ಮಣ್ಣನ್ನು ಅಗೆದು ತೆಗೆಯುತ್ತಾರೆ, ಇಲ್ಲವೇ ನೆಲಕ್ಕೆ ಕೊಳವೆ ಇಳಿಸಿ ದ್ರಾವಕದ ಆವಿಯನ್ನು ಹೀರಿ ಹೊರತೆಗೆದು ಕಾರ್ಬನ್‌ನಲ್ಲಿ ಹಿಡಿಯುತ್ತಾರೆ.

ಮೂರನೇ ಹೆಜ್ಜೆ: ಸುತ್ತ ಪರೀಕ್ಷಾ ಬೋರ್‌ಗಳನ್ನು ಕೊರೆದು ಕೆಟ್ಟ ನೀರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ನಕ್ಷೆ ಮಾಡುವುದು.

ನಾಲ್ಕನೇ ಹೆಜ್ಜೆ: ನೀರನ್ನೇ ಶುದ್ಧ ಮಾಡುವುದು. ಇದಕ್ಕೆ ಹಲವು ದಾರಿಗಳಿವೆ.

ಒಂದು, ಕೆಟ್ಟ ನೀರನ್ನು ಪಂಪ್ ಮಾಡಿ ಮೇಲೆ ತಂದು ತೊಳೆಯುವುದು. ಎತ್ತರದ ಗೋಪುರದೊಳಗೆ ನೀರನ್ನು ಮೇಲಿಂದ ಸುರಿಸಿ, ಕೆಳಗಿನಿಂದ ಗಾಳಿ ಊದುತ್ತಾರೆ. ದ್ರಾವಕ ಗಾಳಿಗೆ ಹಾರುತ್ತದೆ, ಆ ಗಾಳಿಯನ್ನು ಫಿಲ್ಟರ್ ಮಾಡುತ್ತಾರೆ. ಉಳಿದದ್ದನ್ನು ಸಕ್ರಿಯ ಇದ್ದಿಲಿನ ದೊಡ್ಡ ತೊಟ್ಟಿಗಳು ಹಿಡಿಯುತ್ತವೆ. ತೆಂಗಿನ ಚಿಪ್ಪಿನಿಂದಲೂ ಇದನ್ನು ಮಾಡುತ್ತಾರೆ. ಒಲೆಯ ಇದ್ದಿಲು ಅದಕ್ಕೆ ಬದಲಾಗದು. ಈ ವಿಧಾನದ ತೊಡಕು ಒಂದೇ: ಪಂಪ್ ನಿಲ್ಲಿಸಿದ ಮೇಲೆ, ಆ ಎಣ್ಣೆ ಗಡಿಗೆಯಂತೆ, ಬಿರುಕುಗಳಿಂದ ದ್ರಾವಕ ಮತ್ತೆ ಬರುತ್ತದೆ. ಹಾಗಾಗಿ ಹತ್ತಾರು ವರ್ಷ ಪಂಪ್ ಓಡಿಸಿದ ಜಾಗಗಳಿವೆ.

ಎರಡು, ನೆಲದೊಳಗೇ ದ್ರಾವಕವನ್ನು ಒಡೆಯುವ ರಾಸಾಯನಿಕ ಇಳಿಸುವುದು. ಪರ್ಮಾಂಗನೇಟ್ ಅಂಥದ್ದು. ಇದು ದ್ರಾವಕಕ್ಕೆ ತಗುಲಿದ ಕಡೆ ಮಾತ್ರ ಕೆಲಸ ಮಾಡುತ್ತದೆ.

ಮೂರು, ಕಬ್ಬಿಣದ ಗೋಡೆ. ನೀರು ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಪುಡಿ ತುಂಬುತ್ತಾರೆ. ನೀರು ಅದರ ಮೂಲಕ ಹಾದು ಹೋಗುವಾಗ ಕಬ್ಬಿಣ ಟಿಸಿಇಯಿಂದ ಕ್ಲೋರಿನ್ ಕಿತ್ತು ಅದನ್ನು ಒಡೆಯುತ್ತದೆ. 1990ರ ದಶಕದ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇಂಥ ಗೋಡೆ ಬಂತು. ಪಂಪೂ ಬೇಡ, ಕರೆಂಟೂ ಬೇಡ. ಆದರೆ ಮೆದು ನೆಲದಲ್ಲಿ ಸುಲಭವಾದದ್ದು ಗಟ್ಟಿ ಕಲ್ಲಿನಲ್ಲಿ ಕಷ್ಟ.

ನಾಲ್ಕು, ಸೂಕ್ಷ್ಮಜೀವಿಗಳು. ಡಿಹ್ಯಾಲೋಕೊಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಗುಂಪು ಗಾಳಿಯಿಲ್ಲದ ಕಡೆ ಟಿಸಿಇ, ಪಿಸಿಇಗಳನ್ನೇ ಉಸಿರಾಟಕ್ಕೆ ಬಳಸಿ ಬದುಕುತ್ತದೆ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಗುರುತಿಸಿದರು. ಇವುಗಳಿಗೆ ಅನುಕೂಲ ಮಾಡಲು ನೆಲಕ್ಕೆ ಇಳಿಸುವ ಆಹಾರಗಳಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಕಾಕಂಬಿ! ಕಬ್ಬಿನ ಸೀಮೆಯವರಾದ ನಮಗೆ ಇದು ಖುಷಿಯ ಸುದ್ದಿ ಅನ್ನಿಸಬಹುದು. ಆದರೆ ದಯವಿಟ್ಟು ಯಾರೂ ಬೋರ್‌ವೆಲ್‌ಗೆ ಬೆಲ್ಲ, ಕಾಕಂಬಿ ಸುರಿಯಬೇಡಿ. ಕೆಲಸ ಅರ್ಧಕ್ಕೆ ನಿಂತರೆ ಟಿಸಿಇ ವಿನೈಲ್ ಕ್ಲೋರೈಡ್ ಆಗಿ ಉಳಿಯುತ್ತದೆ. ಅದು ಟಿಸಿಇಗಿಂತಲೂ ಕೆಟ್ಟ ಕ್ಯಾನ್ಸರ್‌ಕಾರಕ. ಪರೀಕ್ಷಾ ಬೋರ್ ಇಟ್ಟು ತಿಂಗಳು ತಿಂಗಳು ಅಳೆಯುವ ತಜ್ಞರ ಕೆಲಸ ಅದು.

ಈ ನಾಲ್ಕೂ ದಾರಿಗಳಲ್ಲಿ ಒಂದೂ ಅಗ್ಗವಲ್ಲ, ಬೇಗ ಮುಗಿಯುವುದೂ ಅಲ್ಲ. ಚೆಲ್ಲದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಅಗ್ಗ.

ನಾವು ನೀವು ಮಾಡಬಹುದಾದದ್ದು

ಸರಿಯಾದ ಪರೀಕ್ಷೆ ಕೇಳಿ. ಪಂಚಾಯಿತಿಯಲ್ಲಿರುವ ಕಿಟ್ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ರೋಗಾಣುಗಳಂಥವನ್ನು ನೋಡುತ್ತದೆ. ಅದರಲ್ಲಿ ಪಾಸಾದ ನೀರಿನಲ್ಲೂ ದ್ರಾವಕ ಇರಬಹುದು. ಪೆಟ್ರೋಲ್, ಥಿನ್ನರ್ ವಾಸನೆ ಬಂದರೆ ಅಥವಾ ಬೋರ್‌ವೆಲ್ ಹತ್ತಿರ ಬಂಕು, ಪೇಂಟ್ ಶೆಡ್ಡು, ಕೆಮಿಕಲ್ ಗೋದಾಮು ಇದ್ದರೆ ಆವಿಯಾಗುವ ಸಾವಯವ ರಾಸಾಯನಿಕಗಳ ಪರೀಕ್ಷೆ, ಅಂದರೆ ವಿಒಸಿ ಪರೀಕ್ಷೆ ಬೇಕು ಎಂದು ಹೆಸರಿಟ್ಟು ಕೇಳಿ.

ಸ್ಯಾಂಪಲ್ ಹಿಡಿಯುವ ರೀತಿ ಮುಖ್ಯ. ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಅರ್ಧ ತುಂಬಿ ಕಳಿಸಿದರೆ ದಾರಿಯಲ್ಲೇ ದ್ರಾವಕ ಹಾರಿಹೋಗಿ ನೀರು ಶುದ್ಧ ಎಂದು ವರದಿ ಬರುತ್ತದೆ. ಪ್ರಯೋಗಾಲಯದವರೇ ಕೊಡುವ ಗಾಜಿನ ಶೀಶೆಯಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ, ತಂಪಾಗಿಟ್ಟು ಕಳಿಸಬೇಕು. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ನೋಡಿ.

ಬರೆದು ಕೊಡಿ. ಗ್ರಾಮ ಪಂಚಾಯಿತಿ ಪಿಡಿಓ ಅವರಿಗೆ ಅರ್ಜಿ, ಅದರ ಪ್ರತಿ ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಸ್ವೀಕೃತಿ ಪಡೆಯಿರಿ. ಫಾರ್ವರ್ಡ್ ಮಾಡಿದ ವಿಡಿಯೋಗಿಂತ ದಿನಾಂಕ, ಸಹಿ ಇರುವ ಒಂದು ಹಾಳೆಗೆ ಬೆಲೆ ಜಾಸ್ತಿ.

ಚೆಲ್ಲಬೇಡಿ. ಉಳಿದ ಥಿನ್ನರ್, ಯಂತ್ರ ತೊಳೆದ ಪೆಟ್ರೋಲ್, ಹಳೆಯ ಎಂಜಿನ್ ಆಯಿಲ್, ಕೀಟನಾಶಕದ ಡಬ್ಬಿ ತೊಳೆದ ನೀರು ಇವುಗಳನ್ನು ಗಟಾರಕ್ಕೆ, ಹಿತ್ತಲಿಗೆ ಸುರಿಯಬೇಡಿ. ಬತ್ತಿದ ಬೋರ್‌ವೆಲ್‌ಗಂತೂ ಸುರಿಯಲೇಬೇಡಿ. ಮಕ್ಕಳು ಬೀಳದಿರಲಿ ಎಂದು ಹಳೆಯ ಬೋರ್ ಮುಚ್ಚಬೇಕು ಎಂಬುದು ಎಲ್ಲರಿಗೂ ಗೊತ್ತು. ಅದು ಅಂತರ್ಜಲಕ್ಕೆ ನೇರ ಬಾಗಿಲು ಎಂಬುದು ಅದನ್ನು ಮುಚ್ಚಲು ಎರಡನೇ ಕಾರಣ.

ಅನುಮಾನ ಬಂದರೆ, ವರದಿ ಬರುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಬೇರೆ ದಾರಿಯೇ ಇಲ್ಲದೆ ಸ್ನಾನಕ್ಕೆ ಬಳಸಿದರೆ ಬಿಸಿ ಕಡಿಮೆ ಇರಲಿ, ಕಿಟಕಿ ತೆರೆದಿರಲಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಕುದಿಸಿದರೆ ರೋಗಾಣು ಸಾಯುತ್ತದೆ, ಕಾರ್ಖಾನೆಯ ದ್ರಾವಕಕ್ಕೆ ಅದು ಪರಿಹಾರವಲ್ಲ. ನೀರಿನ ಬಗ್ಗೆ ಅನುಮಾನವಿದ್ದರೆ ಕುಡಿಯುವುದನ್ನು ನಿಲ್ಲಿಸಿ, ವಿಒಸಿ ಪರೀಕ್ಷೆ ಮಾಡಿಸಿ, ಪಂಚಾಯಿತಿಯಿಂದ ಬೇರೆ ನೀರು ಕೇಳಿ. ಥಿನ್ನರ್, ಪೆಟ್ರೋಲ್ ನೆಲಕ್ಕೆ ಚೆಲ್ಲಬೇಡಿ.